ಡಾರ್ವಿನ್ ಬಿಡಿಸದೆ ಬಿಟ್ಟ ಪುಟಗಳು

ಮೆಂಡೆಲ್ ತನ್ನ ಬಟಾಣಿ ಗಿಡಗಳ ಪ್ರಯೋಗವನ್ನು ಪ್ರಕಟಿಸಿದ್ದು 1866ರಲ್ಲಿ. ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ. ತಂದೆತಾಯಿಯ ಗುಣಗಳು ಸಂತಾನಕ್ಕೆ ಹೇಗೆ ಬರುತ್ತವೆ ಎಂಬುದು ಡಾರ್ವಿನ್ನನನ್ನು ಬಹುಕಾಲ ಕಾಡಿದ ಪ್ರಶ್ನೆ. ನಡುವಿನ ಹದಿನಾರು ವರ್ಷಗಳಲ್ಲಿ ಉತ್ತರದ ಸುಳಿವು ಅವನ ಕೈಗೆ ಬರಲೇ ಇಲ್ಲವೇ?

ಬಂದಿತ್ತು. ಜರ್ಮನಿಯ ಫೋಕೆ ಎಂಬ ಸಸ್ಯವಿಜ್ಞಾನಿ ಸಂಕರ ಸಸ್ಯಗಳ ಬಗ್ಗೆ ಬರೆದ ಪುಸ್ತಕ ಅವನಲ್ಲಿತ್ತು. ಅದರಲ್ಲಿ ಮೆಂಡೆಲ್‌ನ ಪ್ರಸ್ತಾಪವಿದೆ. ಆಗಿನ ಪುಸ್ತಕಗಳು ಹಾಳೆ ಮಡಿಸಿ ಹೊಲಿದ ಸ್ಥಿತಿಯಲ್ಲೇ ಬರುತ್ತಿದ್ದವು. ಓದುವವರೇ ಚಾಕುವಿನಿಂದ ಅಂಚು ಸೀಳಿಕೊಳ್ಳಬೇಕಿತ್ತು. ಡಾರ್ವಿನ್ನನ ಪ್ರತಿಯಲ್ಲಿ ಬಟಾಣಿಯ ಪ್ರಯೋಗವಿರುವ ಪುಟಗಳ ಅಂಚು ಸೀಳಿಯೇ ಇಲ್ಲ!

ಈಗ ಯೋಚಿಸಿ. ಅಚ್ಚಾದ ಪುಸ್ತಕ ತಾನೇ, ಬೇರೆ ಪ್ರತಿಗಳಿವೆಯಲ್ಲ ಎಂದು ಯಾರಾದರೂ ಅದನ್ನು ರದ್ದಿಗೆ ಹಾಕಿದ್ದರೆ?

ದೊಡ್ಡವರ ಪತ್ರ, ಹಸ್ತಪ್ರತಿಗಳನ್ನು ಕಾಪಾಡುವ ದಾಖಲೆ ಭಂಡಾರಗಳಿಗೆ ಇದು ನಿತ್ಯದ ತಲೆನೋವು. ಕಾಗದಪತ್ರಗಳ ನಡುವೆ ಪುಸ್ತಕ, ಕರಪತ್ರ, ಪತ್ರಿಕೆಯ ತುಣುಕು ಎಲ್ಲವೂ ಸೇರಿಕೊಂಡು ಬರುತ್ತವೆ. ಗುರುತು, ಬರಹ ಯಾವುದೂ ಇಲ್ಲದ ಸಾಮಾನ್ಯ ಪ್ರತಿಯಾದರೆ ಅದನ್ನು ಗ್ರಂಥಾಲಯದ ಕಪಾಟಿಗೆ ಕಳಿಸಬಹುದು. ಆದರೆ ಅದು ಇದ್ದ ಜಾಗದಲ್ಲಿ, ಇಂಥ ಪುಸ್ತಕ ಇಲ್ಲಿತ್ತು, ಈಗ ಇಂಥ ಕಡೆ ಇದೆ ಎಂಬ ಚೀಟಿ ಇಡಲೇಬೇಕು. ಪತ್ರದ ಜೊತೆ ಲಗತ್ತಾಗಿ ಬಂದ ಕರಪತ್ರವನ್ನು ಬೇರ್ಪಡಿಸಿದರೆ ಪತ್ರಕ್ಕೇ ಅರ್ಥವಿಲ್ಲದಂತಾಗುತ್ತದೆ.

ಡಾರ್ವಿನ್ನನ ಪುಸ್ತಕಗಳಂತೂ ಅರ್ಧ ಹಸ್ತಪ್ರತಿಗಳೇ. ಅಂಚಿನಲ್ಲಿ ಪೆನ್ಸಿಲ್ ಗೆರೆ, ಕೊನೆಯಲ್ಲಿ ಪಿನ್ನು ಚುಚ್ಚಿದ ಟಿಪ್ಪಣಿ ಹಾಳೆ. ದಪ್ಪ ಪುಸ್ತಕ ಹಿಡಿಯಲು ಕಷ್ಟವೆಂದು ಎರಡು ಹೋಳು ಮಾಡುತ್ತಿದ್ದ. ಕಿರುಹೊತ್ತಗೆಗಳಲ್ಲಿ ಬೇಕಾದ ಪುಟವನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಹರಿದು ಎಸೆಯುತ್ತಿದ್ದನೆಂದು ಮಗ ಫ್ರಾನ್ಸಿಸ್ ಬರೆದಿದ್ದಾನೆ. ನಮ್ಮ ಮಕ್ಕಳು ಶಾಲೆಯ ಪುಸ್ತಕಕ್ಕೆ ಹೀಗೆ ಮಾಡಿದರೆ ಗತಿಯೇನು!

ಪತ್ರಿಕೆಯ ತುಣುಕಿನ ಕಥೆ ಬೇರೆ. ಮರದ ತಿರುಳನ್ನು ಅರೆದು ಮಾಡಿದ ಆ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿಗೆ ಅದು ಹಳದಿಯಾಗುತ್ತದೆ, ಆಮ್ಲ ಹುಟ್ಟುತ್ತದೆ, ಪಕ್ಕದ ಪತ್ರಕ್ಕೂ ಕಂದು ಕಲೆ ಹತ್ತುತ್ತದೆ. ಅದಕ್ಕೇ ಅಂಥ ತುಣುಕನ್ನು ಆಮ್ಲರಹಿತ ಕಾಗದದ ಮೇಲೆ ನಕಲು ತೆಗೆದು ಇಡುತ್ತಾರೆ. ಅಂಚಿನಲ್ಲಿ ಕೈಬರಹವಿದ್ದರೆ ಮೂಲವನ್ನೂ ಎಸೆಯದೆ ಪ್ರತ್ಯೇಕ ಲಕೋಟೆಗೆ ಹಾಕುತ್ತಾರೆ. ಮನೆಯ ಟ್ರಂಕಿನಲ್ಲಿ ಅಜ್ಜನ ಪತ್ರಗಳಿದ್ದರೆ ನೀವೂ ಇಷ್ಟು ಮಾಡಬಹುದು. ತುಕ್ಕು ಹಿಡಿಯುವ ಪಿನ್ನುಗಳನ್ನೂ ತೆಗೆಯಿರಿ.

ಇನ್ನು ವಿವರಣೆ. ಲೇಖಕ, ಶೀರ್ಷಿಕೆ, ಇಸವಿ ಬರೆದರೆ ಅದು ಎಲ್ಲ ಪ್ರತಿಗಳಿಗೂ ಹೊಂದುತ್ತದೆ. ಕಾರ್ಲ್ ಮಾರ್ಕ್ಸ್ 1873ರಲ್ಲಿ ಡಾರ್ವಿನ್ನನಿಗೆ ಹಸ್ತಾಕ್ಷರ ಹಾಕಿ ಕಳಿಸಿದ 'ದಾಸ್ ಕ್ಯಾಪಿಟಲ್' ಪ್ರತಿ ಉಳಿದುಬಂದಿದೆ. ಅದರ ವಿವರದಲ್ಲಿ ಹಸ್ತಾಕ್ಷರದ ಜೊತೆ ಇನ್ನೊಂದು ಸಾಲೂ ಬೇಕು: ಒಟ್ಟು 822 ಪುಟ, ಅಂಚು ಸೀಳಿರುವುದು ಮೊದಲ 105ಕ್ಕೆ ಮಾತ್ರ.