ಟ್ಯೂಬಿನ ಮೇಲಿನ ಕೆಂಪು ಗೆರೆ

ಅಕ್ಕನ ಮದುವೆ ಆಲ್ಬಂನ ಹನ್ನೊಂದು ಫೋಟೊಗಳಲ್ಲಿ ನಾನಿದ್ದೇನೆ. ಒಂದರಲ್ಲೂ ನನ್ನ ಮುಖ ಕಾಣುವುದಿಲ್ಲ. ಅಕ್ಕನ ಬೊಗಸೆಗೆ ಅರಳು ಹಾಕುವುದು ತಮ್ಮನ ಶಾಸ್ತ್ರ. ಅದನ್ನೂ ತಲೆ ತಗ್ಗಿಸಿಕೊಂಡೇ ಮುಗಿಸಿದೆ. ಫೋಟೊಗ್ರಾಫರ್ ‘ಸ್ವಲ್ಪ ಈ ಕಡೆ ನೋಡಪ್ಪಾ’ ಎಂದು ಮೂರು ಸಲ ಕೂಗಿದರೂ ನೋಡಲಿಲ್ಲ. ಹಾಗಾಗಿ ಆಲ್ಬಂನ ಆ ದೊಡ್ಡ ಪುಟದಲ್ಲಿರುವುದು ಅಕ್ಕನ ನಗು, ಭಾವನ ಪೇಟ ಮತ್ತು ನನ್ನ ನೆತ್ತಿ.

ಇದಕ್ಕೆಲ್ಲ ಕಾರಣ ಎಂಬತ್ತು ರೂಪಾಯಿಯ ಒಂದು ಟ್ಯೂಬು. ಅದಕ್ಕಿಂತ ಹೆಚ್ಚಾಗಿ, ಆ ಟ್ಯೂಬಿನ ಮೇಲೆ ಬರೆದಿದ್ದನ್ನು ಓದದ ನಾನು.

ನನಗೆ ಮೊಡವೆ ಶುರುವಾಗಿದ್ದು ಪಿಯುಸಿಯಲ್ಲಿ. ಬಿಇ ಸೇರಿ ಹಾಸ್ಟೆಲ್‌ಗೆ ಬಂದ ಮೇಲೆ ಇನ್ನೂ ಹೆಚ್ಚಾಯಿತು. ಹುಡುಗರು ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳುವಂತಿಲ್ಲ. ಹೇಳಿಕೊಂಡರೆ ‘ಗಂಡು ಹುಡುಗನಿಗೆ ಕನ್ನಡಿ ಮುಂದೆ ಏನೋ ಕೆಲಸ?’ ಎಂಬ ಅಪ್ಪನ ಪ್ರಶ್ನೆ ಕಾದೇ ಇರುತ್ತದೆ. ಹಾಗಂತ ನಮಗೆ ಚಿಂತೆ ಇಲ್ಲವೆಂದಲ್ಲ. ರಾತ್ರಿ ಹನ್ನೊಂದರ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಒಬ್ಬ ಮೊಡವೆಗಳ ಮೇಲೆ ಟೂತ್‌ಪೇಸ್ಟಿನ ಚುಕ್ಕಿ ಇಟ್ಟುಕೊಂಡು ಮಲಗಿರುತ್ತಾನೆ. ಇನ್ನೊಬ್ಬ ಮೆಸ್‌ನಿಂದ ತಂದ ನಿಂಬೆ ಹೋಳನ್ನು ಕೆನ್ನೆಗೆ ಉಜ್ಜುತ್ತಿರುತ್ತಾನೆ. ನಾನು ದಿನಕ್ಕೆ ಐದಾರು ಸಲ ಸೋಪು ಹಚ್ಚಿ ಮುಖ ತೊಳೆಯುವ ಪಂಗಡ. ಕೊಳೆಯಿಂದ ಮೊಡವೆ ಬರುತ್ತದೆ, ತಿಕ್ಕಿದಷ್ಟೂ ಒಳ್ಳೆಯದು ಎಂದು ನಂಬಿದ್ದೆ.

ಎರಡನೇ ವರ್ಷದಲ್ಲಿದ್ದಾಗ ಅಕ್ಕನ ನಿಶ್ಚಿತಾರ್ಥವಾಯಿತು. ‘ಅಕ್ಕ ಎಷ್ಟು ಲಕ್ಷಣವಾಗಿದ್ದಾಳೆ, ತಮ್ಮನ ಮುಖ ಮಾತ್ರ ರಾಗಿ ಚೆಲ್ಲಿದ ಹಾಗಿದೆ’ ಎಂದು ನೆಂಟರೊಬ್ಬರು ನಕ್ಕರು. ನಾನೂ ನಕ್ಕೆ. ವಾಪಸ್ ಹಾಸ್ಟೆಲ್‌ಗೆ ಬಂದವನೇ ಪಕ್ಕದ ರೂಮಿನ ಗೆಳೆಯನ ಜೊತೆ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವರು ನನ್ನ ಮುಖ ನೋಡಿ, ಏನೂ ಕೇಳದೆ ಒಂದು ಟ್ಯೂಬು ಕೊಟ್ಟರು. ‘ರಾತ್ರಿ ಹಚ್ಚಿ ಮಲಗು. ಮೊಡವೆನೂ ಹೋಗುತ್ತೆ, ಬಣ್ಣನೂ ಬರುತ್ತೆ’ ಎಂದರು.

ಅವರು ಹೇಳಿದ್ದು ಸುಳ್ಳಾಗಲಿಲ್ಲ, ಅದೇ ತೊಂದರೆಯಾಗಿದ್ದು. ನಾಲ್ಕೇ ದಿನಕ್ಕೆ ಮೊಡವೆಯ ಕೆಂಪು ಇಳಿಯಿತು. ಎರಡು ವಾರಕ್ಕೆ ಮುಖ ತಿಳಿಯಾಯಿತು. ಕ್ಲಾಸಿನಲ್ಲಿ ‘ಏನೋ ಹಚ್ತಾ ಇದೀಯಾ?’ ಎಂದು ಕೇಳುವವರು ಹೆಚ್ಚಾದರು. ನಾನೋ ದೊಡ್ಡ ಪರಿಣತನ ಹಾಗೆ ಇಬ್ಬರು ಜೂನಿಯರ್‌ಗಳಿಗೂ ಅದೇ ಟ್ಯೂಬಿನ ಹೆಸರು ಬರೆದುಕೊಟ್ಟೆ. ಹೀಗೆ ನಾಲ್ಕು ತಿಂಗಳು ಕಳೆಯಿತು.

ಮೇ ತಿಂಗಳಲ್ಲಿ ಮದುವೆ. ಊರಿಗೆ ಹೊರಡುವ ಗಡಿಬಿಡಿಯಲ್ಲಿ ಟ್ಯೂಬು ಹಾಸ್ಟೆಲ್‌ನಲ್ಲೇ ಉಳಿಯಿತು. ಮೂರನೇ ದಿನ ಮುಖ ಉರಿಯತೊಡಗಿತು. ಐದನೇ ದಿನಕ್ಕೆ ಕೆನ್ನೆಗಳು ಕೆಂಪಗಾಗಿ ಮೊಡವೆಗಳು ಗುಂಪುಗುಂಪಾಗಿ ಎದ್ದವು. ಚಪ್ಪರದ ಕೆಲಸಕ್ಕೆಂದು ಬಿಸಿಲಿಗೆ ಹೋದರೆ ಕೆಂಡ ತಾಗಿಸಿದಂತಾಗುತ್ತಿತ್ತು. ಅಮ್ಮ ಉಷ್ಣವೆಂದು ಎಳನೀರು ಕೊಟ್ಟಳು. ಅಜ್ಜಿ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ನಾನು ಮಾತ್ರ ಟ್ಯೂಬಿನ ವಿಷಯ ಯಾರಿಗೂ ಹೇಳಲಿಲ್ಲ. ಆ ಮುಖ ಹೊತ್ತುಕೊಂಡೇ ಮದುವೆಯಲ್ಲಿ ಓಡಾಡಿದೆ.

ಡಾಕ್ಟರ್ ಓದಿಸಿದ ಪಾಠ

ಮದುವೆ ಮುಗಿದ ಮರುವಾರ ಅಮ್ಮ ನನ್ನನ್ನು ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋದಳು. ಡಾಕ್ಟರ್ ನನ್ನ ಮುಖವನ್ನು ಅರೆಕ್ಷಣ ನೋಡಿ, ‘ಹಚ್ಚುತ್ತಿದ್ದ ಟ್ಯೂಬು ತಂದಿದ್ದೀಯೇನಪ್ಪಾ?’ ಎಂದರು. ನಾನು ಬಾಯೇ ಬಿಟ್ಟಿರಲಿಲ್ಲ! ಹಾಸ್ಟೆಲ್‌ನಲ್ಲೇ ಉಳಿದಿದ್ದ ರೂಂಮೇಟ್‌ಗೆ ಫೋನ್ ಮಾಡಿ, ಟ್ಯೂಬಿನ ಫೋಟೊ ತರಿಸಿಕೊಂಡೆ. ಅವರು ಅದನ್ನು ದೊಡ್ಡದು ಮಾಡಿ ನನ್ನ ಕೈಗೇ ಕೊಟ್ಟು, ‘ಓದು’ ಎಂದರು.

ಎಡಗಡೆ ಉದ್ದಕ್ಕೂ ಕೆಂಪು ಗೆರೆ. ಪಕ್ಕದಲ್ಲಿ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ಸೂಚನೆ. ಒಳಗಿರುವ ವಸ್ತುಗಳ ಹೆಸರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್.

ಕೊನೆಯದು ಸ್ಟೆರಾಯ್ಡ್. ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆಗಳಿಗೆ ವೈದ್ಯರು ಅಳತೆ ನೋಡಿ, ದಿನ ಲೆಕ್ಕ ಹಾಕಿ ಕೊಡುವ ಒಳ್ಳೆಯ ಔಷಧವಂತೆ. ಅದು ಉರಿಯೂತವನ್ನು ತಗ್ಗಿಸುತ್ತದೆ, ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ನಾಲ್ಕೇ ದಿನಕ್ಕೆ ಮುಖ ತಿಳಿಯಾದಂತೆ ಕಂಡಿದ್ದು ಅದಕ್ಕೇ. ಆದರೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಬಿಟ್ಟ ಕೂಡಲೇ ಕುಗ್ಗಿದ ನಾಳಗಳು ಹಿಗ್ಗಿ ಕೆಂಪು, ಉರಿ, ಮೊಡವೆ ಎಲ್ಲವೂ ಒಟ್ಟಿಗೇ ಮರಳುತ್ತವೆ. ಉರಿ ತಾಳಲಾರದೆ ಮತ್ತೆ ಹಚ್ಚಿದರೆ ಬಿಡಿಸಿಕೊಳ್ಳಲಾಗದ ಸುಳಿಯಲ್ಲಿ ಸಿಕ್ಕಿಕೊಂಡ ಹಾಗೆ. ಇಂಥ ಮುಖಗಳು ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ, ‘ಟಾಪಿಕಲ್ ಸ್ಟೆರಾಯ್ಡ್ ಡ್ಯಾಮೇಜ್ಡ್ ಫೇಸ್’ ಎಂದು ಚರ್ಮವೈದ್ಯರು ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ. ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ನನಗೆ ಮಾತ್ರ ಟ್ಯೂಬು ಬಿಸ್ಕತ್ತಿನಷ್ಟೇ ಸುಲಭವಾಗಿ ಸಿಕ್ಕಿತ್ತು.

ನನಗೆ ನಾಚಿಕೆಯಾಗಿದ್ದು ಮುಖದ ಬಗ್ಗೆ ಅಲ್ಲ. ಮೊದಲ ಸೆಮಿಸ್ಟರ್‌ನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ ‘ಲೇಬಲ್ ಓದದೆ ಯಾವ ಬಾಟಲಿಯನ್ನೂ ಮುಟ್ಟಬೇಡಿ’ ಎಂದು. ಅಲ್ಲಿ ಒಂದು ಹನಿ ಹೆಚ್ಚಾದರೂ ರೀಡಿಂಗ್ ತಪ್ಪಿತೆಂದು ಮತ್ತೆ ಟೈಟ್ರೇಷನ್ ಮಾಡುತ್ತಿದ್ದ ನಾನು, ಸ್ವಂತ ಮುಖದ ಮೇಲೆ ನಾಲ್ಕು ತಿಂಗಳು ಹೆಸರು ಗೊತ್ತಿಲ್ಲದ ವಸ್ತುವನ್ನು ಹಚ್ಚಿದ್ದೆ.

ಮುಖಕ್ಕೊಂದು ಪ್ರಯೋಗ

ಡಾಕ್ಟರ್ ಕೊಟ್ಟ ಔಷಧಗಳನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಚರ್ಮ ನೋಡಿ ಬರೆದ ಚೀಟಿ. ನೀವೂ ಇಂಥ ಕ್ರೀಮು ಹಚ್ಚುತ್ತಿದ್ದರೆ ಟ್ಯೂಬು ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಿ. ಹೇಗೆ ನಿಲ್ಲಿಸಬೇಕೆಂದು ಅವರೇ ಹೇಳಬೇಕು. ಔಷಧದ ಆಚೆಗೆ ಡಾಕ್ಟರ್ ಹೇಳಿದ್ದು ಮೂರೇ ಮಾತು: ಹದವಾಗಿ ತೊಳೆ, ತೇವ ಕಾಪಾಡು, ಬಿಸಿಲಿನಿಂದ ಕಾಪಾಡು.

‘ಹದವಾಗಿ’ ಎಂದರೇನು? ಹಾಸ್ಟೆಲ್‌ಗೆ ಮರಳಿದ ಮೇಲೆ ಕೆಮಿಸ್ಟ್ರಿ ಮೇಡಂ ಅನುಮತಿ ಪಡೆದು ಲ್ಯಾಬ್‌ನಲ್ಲಿ ಒಂದು ಮಧ್ಯಾಹ್ನ ಕುಳಿತೆ. ಪಿಎಚ್ ಕಾಗದದ ಚೂರುಗಳು, ನಾವು ಮುಖಕ್ಕೆ ಹಚ್ಚುವ ಸಾಮಾನುಗಳು. ನಮ್ಮ ಚರ್ಮದ ಮೇಲ್ಪದರ ತುಸು ಆಮ್ಲೀಯ. ಅದರ ಪಿಎಚ್ ಸುಮಾರು 4.5ರಿಂದ 5.5. ನಿಂಬೆರಸ ಅದ್ದಿದ ಕಾಗದ 2ರ ಬಣ್ಣಕ್ಕೆ ತಿರುಗಿತು. ಅಡುಗೆ ಸೋಡಾ 8 ದಾಟಿತು. ನಾನು ದಿನಕ್ಕೆ ಆರು ಸಲ ತಿಕ್ಕುತ್ತಿದ್ದ ಸೋಪು 9ರಿಂದ 10. ಪಿಎಚ್ ಅಳತೆಯಲ್ಲಿ ಒಂದು ಅಂಕಿ ಏರಿತೆಂದರೆ ಹತ್ತು ಪಟ್ಟು ವ್ಯತ್ಯಾಸ. 5ರಿಂದ 9ಕ್ಕೆ ಹೋದರೆ ಹತ್ತು ಸಾವಿರ ಪಟ್ಟು! ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ, ಕೆನ್ನೆಗೆ ಅನ್ವಯಿಸಿ ನೋಡಿರಲಿಲ್ಲ. ಡಾಕ್ಟರ್ ಸೂಚಿಸಿದ ಸೋಪಿಲ್ಲದ ಕ್ಲೆನ್ಸರ್ 5ರಿಂದ 6ರ ನಡುವೆ ನಿಂತಿತು. ಇನ್ನೂ ಆಶ್ಚರ್ಯವೆಂದರೆ ಅಜ್ಜಿ ಕೊಟ್ಟು ಕಳಿಸಿದ್ದ ಸೀಗೆಪುಡಿ ನೆನೆಸಿದ ನೀರೂ ಆಮ್ಲೀಯವೇ. ದೃಷ್ಟಿ ತೆಗೆಯುವ ಅಜ್ಜಿ ತೊಳೆಯುವ ವಿಷಯದಲ್ಲಿ ನನಗಿಂತ ಮುಂದಿದ್ದಳು. ಆದರೂ ಸೀಗೆಪುಡಿಯನ್ನು ತಲೆಗೆ ಮಾತ್ರ ಬಳಸುತ್ತೇನೆ. ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಬಲ್ಲವರೇ ಬಲ್ಲರು.

ಹಾಗಾದರೆ ಸೋಪುಗಳಲ್ಲಿ ಒಳ್ಳೆಯದು ಕೆಟ್ಟದ್ದು ಇಲ್ಲವೇ? ಪೊಟ್ಟಣದ ಮೇಲೆ ‘ಟಿಎಫ್‌ಎಂ’ ಎಂದು ಬರೆದಿರುತ್ತದೆ. ಅದು ಸೋಪಿನಲ್ಲಿರುವ ಒಟ್ಟು ಕೊಬ್ಬಿನಾಂಶ. ಭಾರತೀಯ ಮಾನಕದ ಪ್ರಕಾರ ಕನಿಷ್ಠ 76 ಶೇಕಡ ಇದ್ದರೆ ಮೊದಲ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ‘ಬೇಥಿಂಗ್ ಬಾರ್’ ಎಂದಿದ್ದರೆ ಅದು ಟಾಯ್ಲೆಟ್ ಸೋಪೇ ಅಲ್ಲ, ಅದರ ಮಾನಕವೇ ಬೇರೆ. ಟಿಎಫ್‌ಎಂ ಹೆಚ್ಚಿದ್ದಷ್ಟೂ ಭರ್ತಿ ಸಾಮಾನು ಕಡಿಮೆ. ಆದರೆ ಮೊದಲ ದರ್ಜೆಯ ಸೋಪೂ ಕ್ಷಾರೀಯವೇ. ಮೈಗೆ ಒಗ್ಗಿದ್ದು ಮುಖಕ್ಕೂ ಒಗ್ಗಬೇಕೆಂದಿಲ್ಲ.

ನಮ್ಮ ಹಾಸ್ಟೆಲ್‌ನದು ಬೋರ್‌ವೆಲ್ ನೀರು. ಇಡಿಟಿಎ ಪ್ರಯೋಗದಲ್ಲಿ ದ್ರಾವಣ ವೈನ್ ಕೆಂಪಿನಿಂದ ನೀಲಿಗೆ ತಿರುಗುವುದನ್ನು ಕಾಯುತ್ತಾ ನೀರಿನ ಗಡಸುತನ ಅಳೆಯುತ್ತೇವಲ್ಲ, ಅದೇ ಗಡಸು ನೀರು. ಅದರಲ್ಲಿನ ಕ್ಯಾಲ್ಶಿಯಂ, ಮೆಗ್ನೀಶಿಯಂಗಳು ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತವೆ. ಬಕೆಟ್ಟಿನ ಅಂಚಿಗೆ ಹತ್ತಿದ ಬಿಳಿ ಗಷ್ಟು ಅದೇ. ಬಕೆಟ್ಟಿಗೆ ಅಂಟುವುದು ಮುಖಕ್ಕೂ ಅಂಟುತ್ತದೆ. ಅದಕ್ಕೇ ತೊಳೆದಷ್ಟೂ ಮುಖ ಬಿಗಿದುಕೊಂಡಂತಾಗುತ್ತಿತ್ತು. ಮೊಡವೆಗೆ ಮೂಲ ಕಾರಣ ಹಾರ್ಮೋನುಗಳ ಪ್ರಭಾವದಲ್ಲಿ ಎಣ್ಣೆಗ್ರಂಥಿಗಳು ಹೆಚ್ಚು ಎಣ್ಣೆ ಸುರಿಸಿ ರಂಧ್ರಗಳು ಮುಚ್ಚಿಕೊಳ್ಳುವುದು. ಅದನ್ನು ತಿಕ್ಕಿ ತೆಗೆಯಲಾಗದು. ಈಗ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮಾತ್ರ ತೊಳೆಯುತ್ತೇನೆ.

ಕೊಳ್ಳುವ ಮುನ್ನ

ಈಗ ನನ್ನ ಕಪಾಟಿನಲ್ಲಿರುವುದು ಮೂರೇ ವಸ್ತು: ಪರಿಮಳವಿಲ್ಲದ ಕ್ಲೆನ್ಸರ್, ಗ್ಲಿಸರಿನ್ ಇರುವ ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಎಣ್ಣೆ ಚರ್ಮಕ್ಕೆ ಮಾಯಿಶ್ಚರೈಸರ್ ಯಾಕೆ ಎಂದು ನಾನೂ ಕೇಳಿದ್ದೆ. ಎಣ್ಣೆ ಬೇರೆ, ನೀರಿನ ತೇವ ಬೇರೆ. ಮುಖ ಜಿಡ್ಡಾಗಿದ್ದೂ ಒಳಗೆ ಒಣಗಿರಬಹುದು. ಮೊಡವೆ ಇರುವವರು ‘ನಾನ್ ಕಾಮಿಡೋಜೆನಿಕ್’ ಎಂದು ಬರೆದಿರುವುದನ್ನು ಆರಿಸಿದರೆ ರಂಧ್ರ ಮುಚ್ಚಿಕೊಳ್ಳುವ ಸಾಧ್ಯತೆ ಕಡಿಮೆ.

ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ ಅಂಕಿಗೆ ಮರುಳಾಗಬೇಡಿ. ಎಸ್‌ಪಿಎಫ್ 30 ಯುವಿಬಿ ಕಿರಣಗಳನ್ನು ಸುಮಾರು 97 ಶೇಕಡ ತಡೆದರೆ, 50 ಸುಮಾರು 98 ಶೇಕಡ ತಡೆಯುತ್ತದೆ. 30 ಇದ್ದರೆ ಸಾಕು. ಆದರೆ ಯುವಿಎ ತಡೆಯೂ ಬೇಕು. ಅದಕ್ಕೆ ‘ಬ್ರಾಡ್ ಸ್ಪೆಕ್ಟ್ರಂ’ ಎಂಬ ಪದ ನೋಡಿ. ಮುಖ ಮತ್ತು ಕತ್ತಿಗೆ ಎರಡು ಬೆರಳಿನುದ್ದದಷ್ಟು ಬೇಕು. ಬಿಸಿಲಿನಲ್ಲೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೊಡೆ, ಟೋಪಿಗಳಿಗೆ ಎಕ್ಸ್‌ಪೈರಿ ಡೇಟ್ ಇಲ್ಲ, ಅದನ್ನೂ ಮರೆಯಬೇಡಿ.

ಲೇಬಲ್‌ನಲ್ಲಿ ವಸ್ತುಗಳ ಹೆಸರು ಸಾಮಾನ್ಯವಾಗಿ ಪ್ರಮಾಣದ ಇಳಿಕೆಯ ಕ್ರಮದಲ್ಲಿರುತ್ತದೆ. ದೊಡ್ಡ ಅಕ್ಷರದಲ್ಲಿ ಲೋಳೆಸರ ಎಂದಿದ್ದು, ಪಟ್ಟಿಯ ತುದಿಯಲ್ಲಿ ಅದರ ಹೆಸರಿದ್ದರೆ ಅದು ಹೆಸರಿಗಷ್ಟೇ. ‘ನ್ಯಾಚುರಲ್’ ಎಂದರೆ ಮೃದು ಎಂದಲ್ಲ. ನಿಂಬೆಯೂ ನ್ಯಾಚುರಲ್ಲೇ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಉಳಿಯಬಹುದು. ಸೂಕ್ಷ್ಮ ಚರ್ಮವನ್ನು ಹೆಚ್ಚಾಗಿ ಕೆರಳಿಸುವವುಗಳಲ್ಲಿ ಪರಿಮಳವೂ ಒಂದು. ‘ಫ್ರಾಗ್ರನ್ಸ್’ ಅಥವಾ ‘ಪರ್ಫ್ಯೂಮ್’ ಇಲ್ಲದ್ದನ್ನು ಆರಿಸಿ. ಹೊಸದೇನೇ ಕೊಂಡರೂ ಮೊದಲು ಮುಂಗೈ ಒಳಭಾಗಕ್ಕೆ ಒಂದಿಷ್ಟು ಹಚ್ಚಿ ಎರಡು ದಿನ ಕಾಯಿರಿ. ಒಂದೇ ಸಲ ಎರಡು ಹೊಸ ವಸ್ತು ಶುರು ಮಾಡಬೇಡಿ. ಮಾಡಿದರೆ ತೊಂದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಾಯಿಸಬೇಕು ಎಂಬ ನಿಯಮ ಇಲ್ಲಿಗೂ ಸಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು: ಕೆಲವೇ ದಿನದಲ್ಲಿ ಬೆಳ್ಳಗಾಗಿಸುವ ಕ್ರೀಮಿನ ಪೊಟ್ಟಣವನ್ನು ತಿರುಗಿಸಿ ನೋಡಿ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಸಾಲ್ ಎಂಬ ಹೆಸರಿದ್ದರೆ ಅದು ಸೌಂದರ್ಯವರ್ಧಕವಲ್ಲ, ಔಷಧ. 2020ರಲ್ಲಿ ದೇಶದ ಹೆಸರಾಂತ ಕ್ರೀಮೊಂದು ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ನಮ್ಮ ಮನಸ್ಸಿನಿಂದ ಅದು ಬಿಟ್ಟುಹೋಗಿಲ್ಲ. ಪ್ಲೇಸ್‌ಮೆಂಟ್ ಹತ್ತಿರ ಬಂದಂತೆ ‘ಇಂಟರ್‌ವ್ಯೂಗೆ ಮುಖ ಚೆನ್ನಾಗಿರಬೇಕಲ್ಲ’ ಎಂದು ಈಗಲೂ ಗೆಳೆಯರು ಅದೇ ಅಂಗಡಿಯ ಕಡೆ ಹೊರಡುತ್ತಾರೆ.

ಕಾಲೇಜು ಶುರುವಾದ ಮೊದಲ ದಿನವೇ ಆ ಇಬ್ಬರು ಜೂನಿಯರ್‌ಗಳನ್ನು ಹುಡುಕಿಕೊಂಡು ಹೋದೆ. ಒಬ್ಬ ವಾಸನೆ ಹಿಡಿಸದೆ ಎರಡೇ ದಿನಕ್ಕೆ ಬಿಟ್ಟಿದ್ದ. ಇನ್ನೊಬ್ಬ ಮೂರನೇ ಟ್ಯೂಬಿನಲ್ಲಿದ್ದ. ‘ಅಣ್ಣಾ, ನೀವೇ ಹೇಳಿದ್ರಲ್ಲ’ ಎಂದ. ಆ ಮಾತಿನಷ್ಟು ನನ್ನ ಮುಖ ಯಾವತ್ತೂ ಉರಿದಿರಲಿಲ್ಲ. ಮರುದಿನವೇ ಅವನನ್ನು ಚರ್ಮವೈದ್ಯರ ಬಳಿ ಕರೆದುಕೊಂಡು ಹೋದೆ. ಚೀಟಿ ಮಾಡಿಸಿ ಪಕ್ಕದಲ್ಲೇ ಕುಳಿತೆ.

ನನ್ನ ಮುಖ ಹದಕ್ಕೆ ಬರಲು ಆರು ತಿಂಗಳು ಬೇಕಾಯಿತು. ಮೊಡವೆ ಪೂರ್ತಿ ಹೋಗಿಲ್ಲ, ಎಡಗೆನ್ನೆಯಲ್ಲಿ ಕಲೆಗಳಿವೆ. ಬಣ್ಣ ಹುಟ್ಟಿದಾಗಿನದೇ. ದೀಪಾವಳಿಗೆ ಅಕ್ಕ, ಭಾವ ಬಂದಿದ್ದರು. ಆಲ್ಬಂ ತಿರುವುತ್ತಿದ್ದ ಅಕ್ಕ ನನ್ನ ನೆತ್ತಿಯ ಫೋಟೊದ ಬಳಿ ನಿಂತು, ‘ಬಾರೋ ಇಲ್ಲಿ’ ಎಂದು ಪಕ್ಕ ಕೂರಿಸಿಕೊಂಡು ಮೊಬೈಲ್ ಎತ್ತಿದಳು. ಹಣೆಯ ಮೇಲೆ ಎರಡು ಹೊಸ ಮೊಡವೆ ಎದ್ದಿದ್ದವು. ಈ ಸಲ ಕ್ಯಾಮೆರಾ ನೋಡಿದೆ. ಆ ಫೋಟೊದ ಪ್ರಿಂಟು ಈಗ ಅದೇ ಪುಟದಲ್ಲಿ ಸಿಕ್ಕಿಸಿಕೊಂಡು ಕೂತಿದೆ.