ನೂರು ಮೀಟರ್ ಬೈಕ್ ರೇಸ್: ಫಾರ್ವರ್ಡ್‌ಗಳಲ್ಲಿ ಬರುವ ಆರು ಮಾತುಗಳು ಎಷ್ಟು ನಿಜ?

"ಏರ್ ಫಿಲ್ಟರ್ ತೆಗೆದರೆ ಗಾಡಿ ಹಾರುತ್ತೆ", "ಪೆಟ್ರೋಲಿಗೆ ಕರ್ಪೂರ ಹಾಕಿ ನೋಡಿ", "ಸಿಸಿ ಜಾಸ್ತಿ ಇದ್ದವನೇ ಗೆಲ್ಲೋದು". ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿಯ ಗ್ಯಾರೇಜಿನ ಮುಂದೆ ನಿಂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಈಗ ಅದೇ ಮಾತುಗಳು ರೀಲ್ಸ್ ಮತ್ತು ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳಾಗಿ ಓಡಾಡುತ್ತಿವೆ. ಶೋರೂಮಿನಿಂದ ತಂದ ಸಾಮಾನ್ಯ ಬೈಕನ್ನು ನೂರು-ಇನ್ನೂರು ಮೀಟರ್ ಓಡಿಸಿ ಯಾರದು ಮುಂದೆ ಎಂದು ನೋಡುವ ಚಟಕ್ಕೆ ಇವೇ ಪಠ್ಯ. ಒಂದೊಂದಾಗಿ ಪರಿಶೀಲಿಸೋಣ.

1. "ಸಿಸಿ ಜಾಸ್ತಿ ಇರುವ ಬೈಕೇ ಗೆಲ್ಲುತ್ತದೆ"

ಅರ್ಧ ಸತ್ಯ. ಕಡಿಮೆ ದೂರದ ಓಟದಲ್ಲಿ ಮುಖ್ಯವಾದದ್ದು ಸಿಸಿ ಅಲ್ಲ, ಎಂಜಿನ್ನಿನ ಶಕ್ತಿಗೂ ಒಟ್ಟು ತೂಕಕ್ಕೂ ಇರುವ ಅನುಪಾತ. ಒಟ್ಟು ತೂಕ ಎಂದರೆ ಗಾಡಿ ಮತ್ತು ಸವಾರ, ಎರಡೂ ಸೇರಿ.

65 ಕೆ.ಜಿ. ತೂಕದ ಸವಾರನನ್ನು ಇಟ್ಟುಕೊಂಡು ಲೆಕ್ಕ ಹಾಕಿ. ಸ್ಪ್ಲೆಂಡರ್‌ಗೆ ಸುಮಾರು 8 ಹಾರ್ಸ್ ಪವರ್, ಗಾಡಿಯ ತೂಕ 112 ಕೆ.ಜಿ. ಅಂದರೆ ಪ್ರತಿ 100 ಕೆ.ಜಿ.ಗೆ 4.5 ಹಾರ್ಸ್ ಪವರ್. ಪಲ್ಸರ್ 150ಕ್ಕೆ ಇದೇ ಲೆಕ್ಕ 6.6ರ ಹತ್ತಿರ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಬರೀ 98 ಸಿಸಿ ಗಾಡಿ. ಆದರೆ ಅದರ ಟೂ-ಸ್ಟ್ರೋಕ್ ಎಂಜಿನ್ 11 ಹಾರ್ಸ್ ಪವರ್ ಕೊಡುತ್ತಿತ್ತು, ತೂಕ ನೂರು ಕೆ.ಜಿ. ಆಸುಪಾಸು. ಲೆಕ್ಕ ಹಾಕಿದರೆ ಅದಕ್ಕೂ 6.6 ಬರುತ್ತದೆ. ನೂರು ಸಿಸಿ ಗಾಡಿ ನೂರೈವತ್ತು ಸಿಸಿಗೆ ಸರಿಸಮ ನಿಲ್ಲುವುದು ಹೀಗೆ.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 20 ಹಾರ್ಸ್ ಪವರ್ ಇದ್ದರೂ ಗಾಡಿಯೇ 195 ಕೆ.ಜಿ. ಒಬ್ಬನೇ ಕೂತರೆ 7.7. ಹಿಂದೆ ಅಷ್ಟೇ ತೂಕದ ಇನ್ನೊಬ್ಬ ಕೂತರೆ 6.2ಕ್ಕೆ ಇಳಿದು, ಒಂಟಿ ಸವಾರನ ಆರ್‌ಎಕ್ಸ್‌ಗಿಂತ ಕೆಳಗೆ ಹೋಗುತ್ತದೆ.

2. "ನೂರು ಮೀಟರ್‌ನಲ್ಲಿ ಗೆದ್ದ ಬೈಕೇ ಫಾಸ್ಟ್"

ಹಾಗೆ ಹೇಳಲು ಬರುವುದಿಲ್ಲ. ಗೆರೆ ದಾಟುವಾಗ ವೇಗ ಗಂಟೆಗೆ 72 ಕಿ.ಮೀ. ಇದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 20 ಮೀಟರ್. "ಹೋಗು" ಎಂದಾಗ ಒಬ್ಬ ಇನ್ನೊಬ್ಬನಿಗಿಂತ 0.2 ಸೆಕೆಂಡ್ ಮೊದಲು ಕ್ಲಚ್ ಬಿಟ್ಟರೂ ಕೊನೆಗೆ 4 ಮೀಟರ್ ಅಂತರ ಬೀಳುತ್ತದೆ. ಅದು ಎರಡು ಬೈಕ್‌ಗಳ ಉದ್ದ! ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಗೆಲುವು ತೀರ್ಮಾನವಾಗಿರುತ್ತದೆ.

ಅಧಿಕೃತ ಡ್ರ್ಯಾಗ್ ರೇಸ್‌ನಲ್ಲಿ ಇದಕ್ಕೆಂದೇ ಎರಡು ಲೆಕ್ಕ ಇಡುತ್ತಾರೆ. ಹಸಿರು ದೀಪ ಬಂದ ಮೇಲೆ ಸವಾರ ಎಷ್ಟು ಬೇಗ ಹೊರಟ ಎಂಬುದು ಒಂದು. ಗಾಡಿ ಜಾಗ ಬಿಟ್ಟ ಕ್ಷಣದಿಂದ ಗುರಿ ಮುಟ್ಟಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದು ಇನ್ನೊಂದು. ರಸ್ತೆಯಲ್ಲಿ ಮೊಬೈಲ್ ಹಿಡಿದು ತೆಗೆದ ವಿಡಿಯೊದಲ್ಲಿ ಎರಡೂ ಕಲಸಿಹೋಗಿರುತ್ತವೆ.

ಸ್ಪೀಡೋಮೀಟರ್ ತೋರಿಸುವ ವಿಡಿಯೊಗಳನ್ನೂ ಪೂರ್ತಿ ನಂಬಬೇಡಿ. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಎಂಬ ಕಾರಣಕ್ಕೆ ಕಂಪನಿಗಳು ಅದು ಸ್ವಲ್ಪ ಹೆಚ್ಚೇ ತೋರಿಸುವಂತೆ ಹೊಂದಿಸಿರುತ್ತವೆ.

3. "ಏರ್ ಫಿಲ್ಟರ್, ಸೈಲೆನ್ಸರ್ ತೆಗೆದರೆ ಪಿಕಪ್ ಹೆಚ್ಚುತ್ತದೆ"

ಸಾಮಾನ್ಯ ಬೈಕ್‌ಗೆ ಇದು ಸುಳ್ಳು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂಬುದನ್ನು ಆ ಫಿಲ್ಟರ್ ಮತ್ತು ಆ ಸೈಲೆನ್ಸರ್ ಇವೆ ಎಂದುಕೊಂಡೇ ಕಂಪನಿ ಹೊಂದಿಸಿರುತ್ತದೆ. ಬರೀ ಗಾಳಿ ಹೆಚ್ಚಾದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ, ಎಳೆತ ಏರುಪೇರಾಗುತ್ತದೆ. ಸದ್ದು ಹೆಚ್ಚಾದ್ದರಿಂದ ವೇಗ ಹೆಚ್ಚಿದಂತೆ ಅನ್ನಿಸುತ್ತದೆ, ಅಷ್ಟೇ.

ನಮ್ಮ ಬಯಲುಸೀಮೆಯಲ್ಲಿ ಇದರ ಹಾನಿ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ರಸ್ತೆ ಪಕ್ಕದ ಧೂಳು ನೇರ ಸಿಲಿಂಡರಿಗೆ ಹೋದರೆ ಪಿಸ್ಟನ್ ರಿಂಗ್‌ಗಳನ್ನು ಮರಳುಕಾಗದದಂತೆ ಉಜ್ಜುತ್ತದೆ. ಆಮೇಲೆ ಬೋರ್ ಕೆಲಸಕ್ಕೆ ದುಡ್ಡು ಹಾಕಬೇಕಾಗುತ್ತದೆ.

4. "ಕರ್ಪೂರ, ನುಸಿಗುಳಿಗೆ ಅಥವಾ ದುಬಾರಿ ಪೆಟ್ರೋಲ್ ಹಾಕಿದರೆ ಸ್ಪೀಡ್ ಬರುತ್ತದೆ"

ಸುಳ್ಳು. ಆಕ್ಟೇನ್ ಅಂದರೆ ಪೆಟ್ರೋಲಿನ ಬಲ ಅಲ್ಲ. ಎಂಜಿನ್ ಒಳಗಿನ ಒತ್ತಡಕ್ಕೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ ಅದು. ಹೆಚ್ಚು ಒತ್ತಡದ ದೊಡ್ಡ ಸ್ಪೋರ್ಟ್ಸ್ ಬೈಕ್‌ಗಳಿಗೆ ಅದರ ಅಗತ್ಯವಿದೆ. ನೂರು-ನೂರೈವತ್ತು ಸಿಸಿ ಗಾಡಿಗೆ ಹೆಚ್ಚಿನ ಆಕ್ಟೇನ್ ಹಾಕಿದರೆ ಹೋಗುವುದು ಕಾಸು ಮಾತ್ರ. ಕರ್ಪೂರ ಮತ್ತು ನುಸಿಗುಳಿಗೆಯ ವಿಷಯದಲ್ಲಿ ಲಾಭ ಇಲ್ಲದಿರುವುದರ ಜೊತೆಗೆ ನಷ್ಟವೂ ಇದೆ. ಪೂರ್ತಿ ಕರಗದ ಚೂರುಗಳು ಇಂಧನದ ದಾರಿಯಲ್ಲಿ ಕಟ್ಟಿಕೊಳ್ಳಬಹುದು, ಒಳಗೆ ಮಸಿ ಕೂರಬಹುದು.

5. "ರಸ್ತೆ ಖಾಲಿ ಇದ್ದರೆ ಅಪಾಯ ಇಲ್ಲ"

ಪ್ರಾಣ ತೆಗೆಯುವ ಮಾತು ಇದು. ಓಡುವ ದೂರವನ್ನು ಎಲ್ಲರೂ ಅಳೆಯುತ್ತಾರೆ. ನಿಲ್ಲುವ ದೂರವನ್ನು ಯಾರೂ ಅಳೆಯುವುದಿಲ್ಲ.

ಗಂಟೆಗೆ 72 ಕಿ.ಮೀ. ವೇಗದಲ್ಲಿ ಎದುರಿಗೆ ಏನೋ ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್, ಅಂದರೆ 20 ಮೀಟರ್ ಹೋಗಿಯೇ ಬಿಟ್ಟಿರುತ್ತದೆ. ಒಣ ಡಾಂಬರಿನ ಮೇಲೆ ಎರಡೂ ಬ್ರೇಕ್ ಚೆನ್ನಾಗಿ ಹಿಡಿದರೂ ಮತ್ತೆ ಸುಮಾರು 29 ಮೀಟರ್ ಬೇಕು. ಒಟ್ಟು 49. ವೇಗ 108 ಇದ್ದರೆ ಒಟ್ಟು 94 ಮೀಟರ್. ಹಿಂದಿನ ಬ್ರೇಕ್ ಮಾತ್ರ ತುಳಿಯುವ ಅಭ್ಯಾಸ ಇದ್ದವರಿಗೆ ಇದೇ 150 ಮೀಟರ್ ದಾಟುತ್ತದೆ. ರಾತ್ರಿ ಡಿಮ್ ಲೈಟಿನಲ್ಲಿ ಇದರ ಅರ್ಧದಷ್ಟು ದೂರವೂ ಸರಿಯಾಗಿ ಕಾಣುವುದಿಲ್ಲ.

ಇನ್ನು ನಮ್ಮ ರಸ್ತೆಗಳು ಖಾಲಿ ಇರುವುದು ಯಾವಾಗ? ಸುಗ್ಗಿಯಲ್ಲಿ ಡಾಂಬರಿನ ಅರ್ಧಭಾಗಕ್ಕೆ ಮೆಕ್ಕೆಜೋಳ ಹರಡಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಟೈರ್ ಹತ್ತಿದರೆ ಹಿಡಿತ ಅಲ್ಲಿಗೇ ಮುಗಿಯಿತು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಚಕ್ರದ ಎರೆಮಣ್ಣು ರಸ್ತೆಗೆ ಮೆತ್ತಿಕೊಂಡಿರುತ್ತದೆ. ಹಿಂದೆ ದೀಪವೇ ಇಲ್ಲದ ಟ್ರೇಲರ್‌ಗಳು, ಕುರಿಹಿಂಡುಗಳು, ಕೊಟ್ಟೂರು ಬಸವೇಶ್ವರ ತೇರಿಗೆ ನಡೆದು ಬರುವ ಭಕ್ತರು, ಮೈಲಾರ ಜಾತ್ರೆಗೆ ಹೊರಟ ಬಂಡಿಗಳು ಎಲ್ಲ ಇದೇ ರಸ್ತೆಯಲ್ಲಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆ ಕರಡಿಧಾಮವೇ ಇದೆ. ಹೊಸಪೇಟೆ-ಚಿತ್ರದುರ್ಗ ಹೆದ್ದಾರಿಯಲ್ಲಿ ಲಾರಿಗಳು ರಾತ್ರಿಯೂ ನಿಲ್ಲುವುದಿಲ್ಲ. ರೇಸಿಗೆ ಇಳಿದವನು ತಾನಾಗಿ ಅಪಾಯ ಒಪ್ಪಿಕೊಂಡಿರುತ್ತಾನೆ. ಹೊಲದಿಂದ ಮನೆಗೆ ಹೊರಟ ಅಜ್ಜಿ ಒಪ್ಪಿಕೊಂಡಿರುವುದಿಲ್ಲ.

6. "ಸಿಕ್ಕಿಬಿದ್ದರೆ ಚಿಕ್ಕ ದಂಡ, ಏನಾದರೂ ಆದರೆ ಇನ್ಶೂರೆನ್ಸ್ ಇದೆ"

ಸುಳ್ಳು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ನಡೆಸುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 189ರ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ, 10,000 ರೂಪಾಯಿ. ಸವಾರ 18 ದಾಟದ ಹುಡುಗನಾಗಿದ್ದರೆ ಸೆಕ್ಷನ್ 199ಎ ಅಡಿ ಪೋಷಕರು ಅಥವಾ ಗಾಡಿಯ ಮಾಲೀಕರಿಗೇ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಹೊಳೆಯಾಚೆಯ ಗಂಗಾವತಿಯ ವ್ಹೀಲಿಂಗ್ ಪ್ರಕರಣವೊಂದರಲ್ಲಿ 2025ರಲ್ಲಿ ಕರ್ನಾಟಕ ಹೈಕೋರ್ಟ್ ಆರೋಪಿಗೆ ಜಾಮೀನು ನಿರಾಕರಿಸಿತು. ಇಂಥ ಸಾಹಸಗಳನ್ನು ತಡೆಯಲು ಈಗಿರುವ ಕಾನೂನು ಸಾಲದು ಎಂದೂ ಹೇಳಿತು.

ಇನ್ಶೂರೆನ್ಸ್ ಪಾಲಿಸಿಯಲ್ಲಿ ರೇಸ್ ಮತ್ತು ವೇಗದ ಪರೀಕ್ಷೆಗೆ ಗಾಡಿ ಬಳಸುವಂತಿಲ್ಲ ಎಂದು ಬರೆದೇ ಇರುತ್ತದೆ. ನಿಮ್ಮ ಪಾಲಿಸಿ ತೆಗೆದು ಒಮ್ಮೆ ಓದಿ. ಅರಸೀಕೆರೆ ಕಡೆ 2014ರಲ್ಲಿ ನಡೆದ ಕಾರು ಅಪಘಾತದ ಪ್ರಕರಣವನ್ನೂ ತಿಳಿದಿರಿ. ಸವಾರನ ಸ್ವಂತ ಅತಿವೇಗ, ಅಜಾಗರೂಕತೆಯೇ ಸಾವಿಗೆ ಕಾರಣವಾದ್ದರಿಂದ ಕುಟುಂಬ ಕೇಳಿದ ಪರಿಹಾರವನ್ನು ಹೈಕೋರ್ಟ್ ಕೊಡಲಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ.

ಹಾಗಾದರೆ ವೇಗದ ಆಸೆ ಇದ್ದವರು ಏನು ಮಾಡಬೇಕು?

ಆಸೆ ತಪ್ಪಲ್ಲ. ಡ್ರ್ಯಾಗ್ ರೇಸ್ ನಮ್ಮ ದೇಶದಲ್ಲಿ ಮಾನ್ಯತೆ ಇರುವ ಕ್ರೀಡೆ. ಎಫ್‌ಎಂಎಸ್‌ಸಿಐ ಮಾನ್ಯತೆಯ ರಾಷ್ಟ್ರೀಯ ಚಾಂಪಿಯನ್‌ಶಿಪ್ ಚೆನ್ನೈ ಬಳಿಯ ಟ್ರ್ಯಾಕ್‌ನಲ್ಲಿ ನಡೆಯುತ್ತದೆ. ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ಅಲ್ಲಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದವರು. ಅಲ್ಲಿ ಓಡುವ ಮೊದಲು ಗಾಡಿಯನ್ನೂ ಸವಾರನ ಹೆಲ್ಮೆಟ್, ಜಾಕೆಟ್‌ಗಳನ್ನೂ ತಪಾಸಣೆ ಮಾಡುತ್ತಾರೆ. ಗುರಿ ದಾಟಿದ ಮೇಲೆ ನಿಲ್ಲಲು ಸಾಕಷ್ಟು ಉದ್ದದ ಜಾಗ ಇರುತ್ತದೆ, ಆಂಬುಲೆನ್ಸ್ ಕಾದು ನಿಂತಿರುತ್ತದೆ, ಎದುರಿನಿಂದ ಯಾರೂ ಬರುವುದಿಲ್ಲ.

ಮುಂದಿನ ಸಲ ಇಂಥ ವಿಡಿಯೊ ನಿಮ್ಮ ಊರಿನ ಗುಂಪಿಗೆ ಬಂದರೆ ಬೆರಳು ಒತ್ತುವ ಮೊದಲು ಒಂದು ವಿಷಯ ಗಮನಿಸಿ: ಗೆರೆ ದಾಟಿದ ಮೇಲೆ ಆ ಬೈಕ್ ಎಲ್ಲಿ ನಿಂತಿತು ಎಂಬುದನ್ನು ತೋರಿಸಿದ್ದಾರೆಯೇ? ತೋರಿಸದಿದ್ದರೆ ಅರ್ಧ ಕತೆಯನ್ನು ಮುಂದಕ್ಕೆ ಕಳಿಸಬೇಡಿ. ಗುಂಪಿನಲ್ಲಿ ಇತ್ತೀಚೆಗೆ ಬೈಕ್ ಕೊಂಡ ಹುಡುಗ ಇದ್ದರೆ ಅವನಿಗೆ ಐದನೇ ಅಂಶದ ಲೆಕ್ಕವನ್ನು ಕಳಿಸಿ.