ಸಂಶೋಧಕಿಗೊಬ್ಬ ಮಾರ್ಗದರ್ಶಿ

ಹಿರಿಯೂರಿನ ಮಗ್ಗುಲಲ್ಲಿರುವ ಬಬ್ಬೂರು ನಮ್ಮ ಭಾಗದ ಜನರಿಗೆ ‘ಬಬ್ಬೂರು ಫಾರಂ’ ಎಂದೇ ಪರಿಚಿತ. ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ತೋಟಗಾರಿಕೆ ಮಹಾವಿದ್ಯಾಲಯಗಳಿರುವ ಈ ನೆಲದಲ್ಲಿ ಇಂದು ಹಳ್ಳಿಯ ಹೆಣ್ಣುಮಕ್ಕಳೂ ವಿಜ್ಞಾನ ಕಲಿಯುತ್ತಿದ್ದಾರೆ. ಪದವಿಯ ಬಳಿಕ ಅವರಲ್ಲಿ ಎಷ್ಟು ಮಂದಿ ಸಂಶೋಧನೆಯ ಹಾದಿ ಹಿಡಿಯುವರೆಂಬ ಪ್ರಶ್ನೆಯನ್ನು ನಾವು ಈ ಆರೋಗ್ಯ ವಿಭಾಗದಲ್ಲಿ ಎತ್ತುವುದಕ್ಕೆ ಕಾರಣವಿದೆ. ಜನರ ಆರೋಗ್ಯದ ಬೇರು ಹೊಲ, ಕೊಳವೆಬಾವಿ, ಅಡುಗೆಮನೆಗಳಲ್ಲಿದೆ.

ಚಿತ್ರದುರ್ಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಏರಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಮನೆಯಲ್ಲಿ ಕೊನೆಗೆ ಉಣ್ಣುವವಳು ಯಾರು, ಆಗ ಪಾತ್ರೆಯಲ್ಲಿ ಉಳಿದಿದ್ದುದೇನು, ಮುಟ್ಟಿನ ತೊಂದರೆ ಎಷ್ಟು ದಿನದ್ದು ಎಂಬುದನ್ನೆಲ್ಲ ಹಳ್ಳಿಯ ತಾಯಂದಿರು ಬಿಚ್ಚಿ ಹೇಳುವುದು ಇನ್ನೊಬ್ಬ ಹೆಣ್ಣುಮಗಳ ಬಳಿ. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಾಹಿತಿ ಬರೆದುಕೊಳ್ಳುತ್ತಾರೆ, ನಿಜ. ಆದರೆ ಯಾವ ಪ್ರಶ್ನೆ ಕೇಳಬೇಕೆಂದು ತೀರ್ಮಾನಿಸುವ ಸ್ಥಾನಕ್ಕೆ ಇಲ್ಲಿಯವಳೊಬ್ಬಳು ಏರಬೇಕಾದರೆ ಬುದ್ಧಿ, ಪದವಿಗಳ ಜೊತೆಗೆ ಕೈಹಿಡಿದು ನಡೆಸುವ ಹಿರಿಯರೊಬ್ಬರು ಬೇಕು.

ಇದಕ್ಕೆ ನಿದರ್ಶನ ಬೆಂಗಳೂರಿನಲ್ಲೇ ದೊರೆಯುತ್ತದೆ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಮುಂಬಯಿಯಿಂದ ಭಾರತೀಯ ವಿಜ್ಞಾನ ಸಂಸ್ಥೆ ಸೇರಲು ಬಂದರು. ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷದ ಮಟ್ಟಿಗೆ, ಪರೀಕ್ಷಾರ್ಥವಾಗಿ ಪ್ರವೇಶ ದೊರೆಯಿತು. ಆಕೆಯ ಇರವಿನಿಂದ ಪುರುಷರ ಅಧ್ಯಯನಕ್ಕೆ ಭಂಗವಾಗಕೂಡದೆಂಬ ನಿಬಂಧನೆಯೂ ಇತ್ತು. ಅಷ್ಟು ದೊಡ್ಡ ವಿಜ್ಞಾನಿಗೆ ಇಷ್ಟು ಸಣ್ಣ ಶಂಕೆ ಏಕೆ ಬಂದಿತೋ! ಒಳಗೆ ಬಂದ ಶಿಷ್ಯೆಯನ್ನು ಬೆಳೆಸಿದವರು ಎಂ. ಶ್ರೀನಿವಾಸಯ್ಯನವರು. ಕಟ್ಟುನಿಟ್ಟಿನ ಗುರು, ಹೆಣ್ಣೆಂದು ದುಡಿಮೆಯಲ್ಲಿ ರಿಯಾಯಿತಿ ತೋರಲಿಲ್ಲ, ಕಲಿಸುವುದರಲ್ಲಿ ಕಡಿಮೆ ಮಾಡಲೂ ಇಲ್ಲ. ಹಾಲು, ಬೇಳೆಕಾಳುಗಳ ಪ್ರೋಟೀನ್ ಕುರಿತು ಆಕೆ ಅಲ್ಲಿ ಸಂಶೋಧನೆ ನಡೆಸಿದರು. ವರ್ಷ ಕಳೆದ ಮೇಲೆ ರಾಮನ್ ಅವರೂ ಮೆಚ್ಚಿದರು. 1939ರಲ್ಲಿ ಕೇಂಬ್ರಿಡ್ಜ್‌ನಿಂದ ಡಾಕ್ಟರೇಟ್ ಪಡೆದು ಮರಳಿದ ಕಮಲಾ ಅವರು, ಮುಂದೆ ನೀರಾದ ಪೋಷಕಾಂಶಗಳನ್ನು ಅಧ್ಯಯನ ಮಾಡಿ, ಅಪೌಷ್ಟಿಕತೆಯಿಂದ ಬಳಲುವ ಬುಡಕಟ್ಟು ಮಕ್ಕಳಿಗೂ ಗರ್ಭಿಣಿಯರಿಗೂ ಅದು ಹಿತವೆಂದು ತೋರಿಸಿದರು. ಶಿಷ್ಯೆಗೆ ದೊರೆತ ವಿದ್ಯೆ ಬಡವರ ಬಟ್ಟಲಿಗೆ ಬಂದ ಬಗೆ ಇದು.

ಇಂದು ಹೆಣ್ಣುಮಗಳನ್ನು ತಡೆಯುವ ನಿರ್ದೇಶಕರಿಲ್ಲ. ಎಂ.ಎಸ್ಸಿ. ಮುಗಿಯುವ ಹೊತ್ತಿಗೆ ಮದುವೆ, ಅನಂತರ ಕೂಸು, ಹಾಗೆಯೇ ಐದಾರು ವರ್ಷ ಸರಿದುಹೋಗುತ್ತವೆ. ಹೀಗೆ ಹೊರಗುಳಿದವರನ್ನು ಮರಳಿ ಕರೆತರಲೆಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲೇ ಮಹಿಳಾ ವಿಜ್ಞಾನಿಗಳ ಯೋಜನೆ ಆರಂಭಿಸಿತು. ಆದರೆ ಅರ್ಜಿ ಬರೆಯುವುದು ಹೇಗೆ, ಯಾವ ಪ್ರಾಧ್ಯಾಪಕರನ್ನು ಕಾಣಬೇಕು ಎಂಬುದನ್ನು ತಿಳಿಸುವವರು ಹಳ್ಳಿಯಲ್ಲಿ ಯಾರು? ಸದ್ಭಕ್ತರಲ್ಲಿ ನಿವೃತ್ತ ಅಧ್ಯಾಪಕರು, ವೈದ್ಯರು ಹಲವರಿದ್ದೀರಿ. ತಮ್ಮ ಊರಿನ ಒಬ್ಬಳನ್ನು ಗುರುತಿಸಿ, ಅವಳ ಬರಹ ತಿದ್ದಿ, ಅತ್ತೆ ಮಾವಂದಿರೊಡನೆ ಕುಳಿತು ಮಾತನಾಡಬೇಕೆಂದು ನಾವು ಬೇಡುತ್ತೇವೆ. ಸೊಸೆ ನೀರಿನ ಮಾದರಿ ತರಲು ಹೊರಟ ದಿನ ಕೂಸನ್ನು ಯಾರು ನೋಡಿಕೊಳ್ಳುವರೆಂಬುದೂ ಆ ಮಾತಿನಲ್ಲೇ ತೀರ್ಮಾನವಾಗಲಿ.